ಫ್ರಾಂಕ್ ಶೇಫರ್: ಧರ್ಮಚಿತ್ರವೂ ಗರ್ಭಪಾತದ ರಾಜಕಾರಣವೂ

ಕೃತಿಯನ್ನು ಅಳೆಯತಕ್ಕ ಅಳತೆಗೋಲನ್ನು ತಾನೇ ಸಿದ್ಧಮಾಡಿಕೊಟ್ಟು, ಅದನ್ನು ಇತರರ ಕೃತಿಗಳಿಗೆಲ್ಲ ಹಿಡಿದು, ತನ್ನದಕ್ಕೆ ಮಾತ್ರ ಹಿಡಿಯದೆ ಬಿಟ್ಟ ಕಲೆಗಾರರು ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದ ಫ್ರಾಂಕ್ ಶೇಫರ್ ಅಂಥವರಲ್ಲಿ ಒಬ್ಬನು. 1979ರಲ್ಲಿ ಅವನು ಗರ್ಭಪಾತವನ್ನು ವಿರೋಧಿಸುವ ಐದು ಕಂತುಗಳ ಚಲನಚಿತ್ರವೊಂದನ್ನು ನಿರ್ದೇಶಿಸಿದನು. 1981ರಲ್ಲಿ, ಕ್ರೈಸ್ತರ ಕೈಯಲ್ಲಿ ಕಲೆಯೆಂಬುದು ಮತಪ್ರಚಾರದ ಕರಪತ್ರವಾಗಿ ಕೆಟ್ಟಿತೆಂದು ದೂರುವ ‘ಅಡಿಕ್ಟೆಡ್ ಟು ಮೀಡಿಯಾಕ್ರಿಟಿ’ ಎಂಬ ಪುಸ್ತಕವನ್ನು ಬರೆದನು. 2007ರಲ್ಲಿ, ತಾನು ಕಟ್ಟಲು ನೆರವಾದ ರಾಜಕಾರಣವನ್ನು ಬಹುಮಟ್ಟಿಗೆ ತಾನೇ ಹಿಂತೆಗೆದುಕೊಳ್ಳುವ ‘ಕ್ರೇಜಿ ಫಾರ್ ಗಾಡ್’ ಎಂಬ ಆತ್ಮಕಥೆಯನ್ನು ಪ್ರಕಟಿಸಿದನು. ಮೂರೂ ಒಂದೇ ಕೈಯ ಕೃತಿಗಳು. ಒಂದರ ಬೆಳಕಿನಲ್ಲಿ ಮತ್ತೊಂದನ್ನು ನೋಡಿದಾಗಲೇ ಧರ್ಮಚಿತ್ರವೆಂಬ ಪ್ರಕಾರದ ಶಕ್ತಿ ಯಾವುದು, ಕೊರತೆ ಯಾವುದು ಎಂಬುದು ಗೋಚರವಾಗುತ್ತದೆ.

ಇವ್ಯಾಂಜೆಲಿಕಲ್ ಎಂದು ಕರೆಯಿಸಿಕೊಳ್ಳುವ ಪ್ರಾಟೆಸ್ಟೆಂಟ್ ಪಂಥದವರಿಗೆ ಸತ್ಯವೇದವೇ ಪರಮ ಪ್ರಮಾಣ. ಪಾಪಿಯ ಮನಸ್ಸು ತಿರುಗಿ ಹೊಸ ಹುಟ್ಟು ಪಡೆಯುವುದೇ ಬಾಳಿನ ಮುಖ್ಯ ಘಟನೆ. ಆ ಘಟನೆಯನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ‘ಸಾಕ್ಷಿ’ ಎಂದು ಹೆಸರು. ಈ ಕೊನೆಯ ಪದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರಿಂದ ಪ್ರಯೋಜನವಿದೆ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಈ ಪಂಥದ ಕಟ್ಟುನಿಟ್ಟಿನವರು ಕುಡಿತ, ಇಸ್ಪೀಟು, ನೃತ್ಯಗಳ ಸಾಲಿನಲ್ಲಿಯೇ ಸಿನೆಮಾವನ್ನೂ ಇಟ್ಟಿದ್ದರು. ಫ್ರಾಂಕನ ತಂದೆ ಫ್ರಾನ್ಸಿಸ್ ಶೇಫರ್ (1912–1984) ಆ ಕಟ್ಟಿನೊಳಗಿನಿಂದಲೇ ಬಂದ ಪ್ರೆಸ್ಬಿಟೀರಿಯನ್ ಪಾದ್ರಿ. ಆದರೆ 1955ರಲ್ಲಿ ಅವನು ಸ್ವಿಟ್ಸರ್ಲೆಂಡಿನ ಯುಎಮೊ ಎಂಬ ಬೆಟ್ಟದ ಹಳ್ಳಿಯಲ್ಲಿ ‘ಲಾಬ್ರಿ’ ಎಂಬ ಹೆಸರಿನ ಒಂದು ಆಸರೆಯ ಮನೆಯನ್ನು ತೆರೆದನು. ದಿಕ್ಕು ಕಾಣದೆ ಅಲೆದು ಬಂದ ತರುಣರೊಡನೆ ಅಲ್ಲಿ ಬರ್ಗ್‌ಮನ್, ಫೆಲಿನಿಯರ ಚಿತ್ರಗಳ ವಿಷಯವಾಗಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. 1952ರಲ್ಲಿ ಹುಟ್ಟಿದ ಫ್ರಾಂಕ್ ಬೆಳೆದದ್ದು ಈ ಮನೆಯಲ್ಲಿ. ಮೊದಲು ಅವನು ಕುಂಚ ಹಿಡಿದ ಚಿತ್ರಕಾರ.

ಗರ್ಭಪಾತದ ಪ್ರಶ್ನೆ ಈ ಪಂಥಕ್ಕೆ ಮೊದಲಿನಿಂದಲೂ ಅಂಟಿಕೊಂಡದ್ದೆಂದು ಈಗ ಎಲ್ಲರೂ ಭಾವಿಸುತ್ತಾರೆ. ಇತಿಹಾಸ ಹಾಗಿಲ್ಲ. 1971ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಕೂಡಿದ ಸದರ್ನ್ ಬ್ಯಾಪ್ಟಿಸ್ಟ್ ಮಹಾಸಭೆ, ಬಲಾತ್ಕಾರ, ಭ್ರೂಣದ ಗುರುತರ ವೈಕಲ್ಯ, ತಾಯಿಯ ದೇಹ ಹಾಗೂ ಮನಸ್ಸುಗಳ ಆರೋಗ್ಯಕ್ಕೆ ಅಪಾಯ ಮೊದಲಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಬೇಕೆಂದು ನಿರ್ಣಯ ಮಾಡಿತ್ತು. 1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟು ‘ರೋ’ ಮೊಕದ್ದಮೆಯಲ್ಲಿ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಸಾರಿದಾಗ ಹುಯಿಲೆಬ್ಬಿಸಿದವರಲ್ಲಿ ಮುಖ್ಯರು ಕ್ಯಾಥೊಲಿಕರು. ಅದು ಅವರ ಜಗಳವೆಂದೇ ತಂದೆ ಶೇಫರನಿಗೂ ತೋರಿತ್ತೆಂದು ಮಗ ಬರೆದಿದ್ದಾನೆ. ಕಲೆಯನ್ನೂ ತತ್ತ್ವವನ್ನೂ ಕುರಿತು ತರುಣರೊಡನೆ ಮಾತನಾಡಿ ಸಂಪಾದಿಸಿದ ಹೆಸರನ್ನು ರಾಜಕಾರಣದ ಕೆಸರಿಗೆ ಒಯ್ಯಲು ಹಿರಿಯನು ಹಿಂಜರಿದನು, ಒತ್ತಾಯಿಸಿದವನು ಮಗ. ಹದಿಹರೆಯದಲ್ಲಿಯೇ ತಂದೆಯಾಗಿದ್ದ ಫ್ರಾಂಕನಿಗೆ ಈ ವಿಷಯ ವಾದವಾಗಿರಲಿಲ್ಲ, ಭಾವವಾಗಿತ್ತು. ಪಾಶ್ಚಾತ್ಯ ಸಂಸ್ಕೃತಿಯ ಇತಿಹಾಸವನ್ನು ಹತ್ತು ಕಂತುಗಳಲ್ಲಿ ಹೇಳಿದ ತಂದೆಯ ಮೊದಲ ಚಿತ್ರಮಾಲೆಯ ಕೊನೆಗೆ ಗರ್ಭಪಾತದ ಮಾತು ಸೇರಿದ್ದು ಅವನ ಹಟದಿಂದ. ಆಮೇಲೆ 1979ರಲ್ಲಿ, ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯ ಪ್ರಸಿದ್ಧ ಶಸ್ತ್ರವೈದ್ಯ ಎವರೆಟ್ ಕೂಪನನ್ನು ತಂದೆಯ ಜೊತೆಗೆ ನಿಲ್ಲಿಸಿ, ‘ವಾಟೆವರ್ ಹ್ಯಾಪನ್ಡ್ ಟು ದಿ ಹ್ಯೂಮನ್ ರೇಸ್?’ ಎಂಬ ಚಿತ್ರಮಾಲೆಯನ್ನು ಮಗ ನಿರ್ದೇಶಿಸಿದನು. ಜೆರ್ರಿ ಫಾಲ್ವೆಲ್ಲನ ‘ಮಾರಲ್ ಮೆಜಾರಿಟಿ’ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಈ ಪಂಥವನ್ನು ರಾಜಕಾರಣಕ್ಕೆ ಎಳೆದದ್ದು ಗರ್ಭಪಾತವಲ್ಲ, ಬಿಳಿಯರಿಗೆ ಮೀಸಲಾದ ಶಾಲೆಗಳ ತೆರಿಗೆ ವಿನಾಯಿತಿಯ ಜಗಳ ಎಂದು ಇತಿಹಾಸಕಾರ ರ‍್ಯಾಂಡಲ್ ಬಾಮರ್ ವಾದಿಸಿದ್ದಾನೆ. ಆ ವಾದದಲ್ಲಿ ಹುರುಳಿರಬಹುದು. ಆದರೆ ತೆರಿಗೆಯ ಜಗಳಕ್ಕಾಗಿ ಸಾಮಾನ್ಯ ಭಕ್ತನು ಕಣ್ಣೀರಿಡುವುದಿಲ್ಲ. ಕಣ್ಣೀರಿಗೆ ಒಂದು ರೂಪ ಬೇಕು. ಆ ರೂಪವನ್ನು ಕೊಟ್ಟವುಗಳಲ್ಲಿ ಈ ಚಿತ್ರಮಾಲೆ ಮೊದಲನೆಯ ಸಾಲಿಗೆ ಸೇರುತ್ತದೆ.

ಇದರಲ್ಲಿ ಬಹುಭಾಗ ಉಪನ್ಯಾಸ. ಇಬ್ಬರು ಗಡ್ಡದ ಹಿರಿಯರು ಕ್ಯಾಮೆರಾದ ಮುಂದೆ ನಿಂತು ಗರ್ಭಪಾತದಿಂದ ಶಿಶುಹತ್ಯೆಗೆ, ಶಿಶುಹತ್ಯೆಯಿಂದ ದಯಾಮರಣಕ್ಕೆ ಮೆಟ್ಟಿಲಿಳಿಯುವ ಸಮಾಜದ ಚಿತ್ರವನ್ನು ಮಾತಿನಿಂದ ಕಟ್ಟುತ್ತಾರೆ. ಈ ಭಾಗಗಳನ್ನು ಬೇಗನೆ ದಾಟಬಹುದು. ಮನಸ್ಸಿನಲ್ಲಿ ಉಳಿಯುವುದು ಒಂದು ದೃಶ್ಯ. ಮೃತ ಸಮುದ್ರದ ದಡ. ಸೊದೋಮ್ ಪಟ್ಟಣವಿದ್ದಿತೆಂದು ಪ್ರತೀತಿಯುಳ್ಳ ಸ್ಥಳ. ಬೆಳ್ಳಗೆ ಹರಳುಗಟ್ಟಿದ ಉಪ್ಪು. ಅದರ ಮೇಲೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದ ಬೆತ್ತಲೆ ಪ್ಲಾಸ್ಟಿಕ್ ಗೊಂಬೆಗಳು. ಅವುಗಳ ನಡುವೆ ನಿಂತು ಕೂಪ್ ಮಾತನಾಡುತ್ತಾನೆ. ಆಡಿದ ಮಾತು ಮರೆತುಹೋದರೂ ಗೊಂಬೆಗಳು ಮರೆಯುವುದಿಲ್ಲ. ಚಿತ್ರಕಾರನ ಕಣ್ಣುಳ್ಳವನಿಗಲ್ಲದೆ ಇದು ಹೊಳೆಯತಕ್ಕ ದೃಶ್ಯವಲ್ಲ.

ಈ ದೃಶ್ಯವನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಪರಿಶೀಲಿಸಿದರೆ ಅದರ ಬಲವೂ ಬಿರುಕೂ ಒಟ್ಟಿಗೆ ಕಾಣುತ್ತವೆ. ಕರುಣರಸಕ್ಕೆ ಬೇಕಾದ ಆಲಂಬನ ಇಲ್ಲಿದೆ: ಆ ಗೊಂಬೆಗಳು. ಉದ್ದೀಪನವೂ ಇದೆ: ನಿರ್ಜನವಾದ ದಡ, ಉಪ್ಪು, ಬಿಸಿಲು. ಇಲ್ಲದ್ದು ಆಶ್ರಯ, ಅಂದರೆ ಯಾರ ಹೃದಯದಲ್ಲಿ ಆ ಶೋಕ ಹುಟ್ಟಬೇಕೋ ಆ ಪಾತ್ರ. ಮಗು ಸತ್ತಿತೆಂದರೆ ತಾಯಿಯೊಬ್ಬಳು ಇರಲೇಬೇಕು. ಇಲ್ಲಿ ತಾಯಿಯಿಲ್ಲ; ಅವಳ ಸ್ಥಾನದಲ್ಲಿ ಕೋಟು ತೊಟ್ಟ ವೈದ್ಯನೊಬ್ಬನು ನಿಂತು ಅವಳ ಪರವಾಗಿ ದುಃಖಿಸುತ್ತಾನೆ. ಗೊಂಬೆಯನ್ನು ಯಾರೂ ಹೆರುವುದಿಲ್ಲವಷ್ಟೆ. ಸ್ಥಳದ ಆಯ್ಕೆಯೇ ನಿರ್ದೇಶಕನ ವಿರುದ್ಧ ಸಾಕ್ಷಿ ಹೇಳುವುದು ಮತ್ತೂ ವಿಚಿತ್ರ. ಸತ್ಯವೇದದ ಆದಿಕಾಂಡದಲ್ಲಿ ಸೊದೋಮಿನ ಉಪ್ಪಿನೊಡನೆ ಸೇರಿದ ಕಥೆ ಮಗುವಿನದಲ್ಲ, ಹೆಂಗಸಿನದು: ಬಿಟ್ಟುಬಂದ ಊರನ್ನು ತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯದು. ಸತ್ಯವೇದವನ್ನು ಕಂಠಪಾಠ ಮಾಡಿದ ಮನೆಯ ಮಗ ಆ ದಡಕ್ಕೆ ಹೋಗಿ, ಉಪ್ಪನ್ನು ತೋರಿಸಿ, ಹೆಂಗಸನ್ನು ಮರೆತನು.

ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಹುಟ್ಟಿನಿಂದಲೇ ವೈಕಲ್ಯವುಳ್ಳ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಬದುಕಿಸುವುದು ಕೂಪನ ಜೀವಮಾನದ ಕೆಲಸವಾಗಿತ್ತು. ಅಂಥ ಮಕ್ಕಳ ಬಾಳು ಬಾಳಲ್ಲವೆಂದು ಬೇರೆಯವರು ತೀರ್ಮಾನಿಸುವುದನ್ನು ಅವನು ಪ್ರಶ್ನಿಸುವಾಗ ಚಿತ್ರ ಪ್ರಚಾರದ ಮಟ್ಟವನ್ನು ಮೀರಿ ಮೇಲೇಳುತ್ತದೆ. ಎದುರು ಪಕ್ಷದವನೂ ಅಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಇದೇ ಕೂಪ್ 1982ರಿಂದ 1989ರವರೆಗೆ ಅಮೆರಿಕದ ಸರ್ಜನ್ ಜನರಲ್ ಆಗಿದ್ದನು. ಗರ್ಭಪಾತದಿಂದ ಸ್ತ್ರೀಯರ ಆರೋಗ್ಯಕ್ಕೆ ಆಗುವ ಪರಿಣಾಮವನ್ನು ಕುರಿತು ವರದಿ ಕೊಡಬೇಕೆಂದು ಅಧ್ಯಕ್ಷ ರೇಗನ್ ಕೇಳಿದಾಗ, ನಿರ್ಣಯಕ್ಕೆ ಸಾಕಾಗುವಷ್ಟು ಆಧಾರವಿಲ್ಲವೆಂದು 1989ರ ಜನವರಿಯಲ್ಲಿ ಪತ್ರ ಬರೆದು, ತನ್ನ ಪಕ್ಷದವರ ಅಸಮಾಧಾನಕ್ಕೆ ಗುರಿಯಾದನು. ನಂಬಿಕೆಯನ್ನು ಬಿಡದೆ, ನಂಬಿಕೆಗಾಗಿ ಅಂಕಿಅಂಶವನ್ನು ತಿರುಚದೆ ನಿಂತ ಈ ನಿಲುವು ಗೊಂಬೆಗಳ ನಡುವಿನ ಭಾಷಣಕ್ಕಿಂತ ದೊಡ್ಡದು. ಅದನ್ನು ಯಾರೂ ಚಿತ್ರಿಸಲಿಲ್ಲ.

ಇನ್ನು 1981ರ ಪುಸ್ತಕ. ತಂದೆ 1973ರಲ್ಲಿಯೇ ‘ಆರ್ಟ್ ಆ್ಯಂಡ್ ದಿ ಬೈಬಲ್’ ಎಂಬ ಕಿರುಹೊತ್ತಗೆಯಲ್ಲಿ ಕಲಾಕೃತಿಗೆ ಸ್ವಂತ ಬೆಲೆಯಿದೆಯೆಂದು ಹೇಳಿದ್ದನು. ಮಗನ ಧಾಟಿ ಅದಕ್ಕಿಂತ ಖಾರ. ಸೃಷ್ಟಿಕರ್ತನನ್ನು ನಂಬುವ ಜನ ಸೃಷ್ಟಿಯ ಆನಂದವನ್ನು ಸಂದೇಹದಿಂದ ನೋಡುತ್ತಾರೆ. ಹಾಡಾಗಲಿ ಚಿತ್ರವಾಗಲಿ ಎಷ್ಟು ಆತ್ಮಗಳನ್ನು ಗೆದ್ದು ತಂದಿತೆಂಬ ಲೆಕ್ಕದಿಂದಲೇ ಅದಕ್ಕೆ ಬೆಲೆ ಕಟ್ಟುತ್ತಾರೆ. ಫಲವಾಗಿ ಅವರ ಅಂಗಡಿಗಳಲ್ಲಿ ತುಂಬಿರುವುದು ಅಗ್ಗದ ಸರಕು: ಇದು ಅವನ ವಾದದ ಸಾರ. ಮಮ್ಮಟನು ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತ ಎಂದು ಉಪದೇಶದಲ್ಲಿ ಮೂರು ಬಗೆಯನ್ನು ಹೇಳಿ, ಕಾವ್ಯಕ್ಕೆ ಮೂರನೆಯದನ್ನು ಕೊಟ್ಟನು. ಶೇಫರನಿಗೆ ಮಮ್ಮಟ ಗೊತ್ತಿರಲಾರನು. ಆದರೂ ಅವನ ದೂರು ಇದೇ: ತನ್ನವರ ಕಲೆ ಕಾಂತೆಯಂತೆ ಒಲಿಸುವುದಿಲ್ಲ, ಪ್ರಭುವಿನಂತೆ ಆಜ್ಞಾಪಿಸುತ್ತದೆ. ಎರಡು ವರ್ಷಗಳ ಹಿಂದಿನ ಸ್ವಂತ ಚಿತ್ರಮಾಲೆ ಈ ತೀರ್ಪಿಗೆ ಒಳಪಡುತ್ತದೆಯೇ ಎಂಬ ಪ್ರಶ್ನೆಯನ್ನು ಪುಸ್ತಕ ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ವಿಷಯ ಜೀವಮರಣದ್ದಾದರೆ ಕಲೆಯ ನಿಯಮ ಅನ್ವಯಿಸದೆಂದು ಅವನು ಭಾವಿಸಿದ್ದನೋ ಏನೋ. ಆದರೆ ವಿಷಯ ಗುರುತರವಾದಷ್ಟೂ ಪಾತ್ರಗಳಿಗೆ ಸಲ್ಲಬೇಕಾದ ನ್ಯಾಯವೂ ಗುರುತರವಾಗುತ್ತದೆ.

ಗೊಂಬೆಗಳ ದೃಶ್ಯದ ವಂಶ ಬೆಳೆದಿದೆ. 1984ರ ‘ದಿ ಸೈಲೆಂಟ್ ಸ್ಕ್ರೀಮ್’ ಚಿತ್ರದಲ್ಲಿ ಗೊಂಬೆಯ ಸ್ಥಾನಕ್ಕೆ ಅಲ್ಟ್ರಾಸೌಂಡಿನ ಮಸುಕು ನೆರಳು ಬಂದಿತು. 1985ರಲ್ಲಿ ಅದು ಶ್ವೇತಭವನದಲ್ಲಿಯೂ ಪ್ರದರ್ಶಿತವಾಯಿತು. ಆ ನೆರಳು ತಾಯಿಯ ಒಡಲನ್ನು ಅಳಿಸಿ, ಭ್ರೂಣವನ್ನು ಆಕಾಶದಲ್ಲಿ ತೇಲುವ ಒಂಟಿ ಯಾತ್ರಿಕನಂತೆ ಕಾಣಿಸುತ್ತದೆಂದು ರೊಸಲಿಂಡ್ ಪೆಚೆಸ್ಕಿಯ 1987ರ ಪ್ರಬಂಧ ತೋರಿಸಿಕೊಟ್ಟಿತು. ಮುಂದೆ ಧರ್ಮಚಿತ್ರವೆಂಬುದು ಒಂದು ಉದ್ಯಮವೇ ಆಯಿತು. ಜಾರ್ಜಿಯದ ಆಲ್ಬನಿ ಊರಿನ ಒಂದು ಬ್ಯಾಪ್ಟಿಸ್ಟ್ ಸಭೆ ಸುಮಾರು 5 ಲಕ್ಷ ಡಾಲರಿನಲ್ಲಿ ತಯಾರಿಸಿದ ‘ಫೈರ್‌ಪ್ರೂಫ್’ (2008) 3 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಮೇಲೆ ಬಂಡವಾಳದ ಕೊರತೆಯಿರಲಿಲ್ಲ. ಈ ಚಿತ್ರಗಳಲ್ಲಿ ಹೆಂಗಸು ತೆರೆಗೆ ಬಂದಳು. ಆದರೆ ಬಂದದ್ದು ಪಶ್ಚಾತ್ತಾಪ ಪಡುವುದಕ್ಕೆ. ಅರ್ವಿನ್ ಸಹೋದರರ ‘ಅಕ್ಟೋಬರ್ ಬೇಬಿ’ಯಲ್ಲಿ ವಿಫಲವಾದ ಗರ್ಭಪಾತದಿಂದ ಬದುಕಿಬಂದ ತರುಣಿ ಹೆತ್ತ ತಾಯಿಯನ್ನು ಹುಡುಕಿಹೋಗಿ, ತಿರಸ್ಕೃತಳಾಗಿ, ಕ್ಷಮೆಯ ಚೀಟಿಯನ್ನಿಟ್ಟು ಬರುತ್ತಾಳೆ. ಕಥೆ ಮುಗಿದು ಹೆಸರುಗಳು ತೆರೆಯ ಮೇಲೆ ಓಡುವಾಗ, ತಾಯಿಯ ಪಾತ್ರ ಮಾಡಿದ ನಟಿ ತನ್ನ ಬಾಳಿನಲ್ಲಿಯೂ ಗರ್ಭಪಾತವಾಗಿತ್ತೆಂದು ಕಣ್ಣೀರಿನೊಡನೆ ಹೇಳುತ್ತಾಳೆ. ಆ ಅರೆಗಳಿಗೆಯಲ್ಲಿ ಶೋಕಕ್ಕೆ ಆಶ್ರಯ ದೊರೆಯಿತು. ಆದರೆ ಅದು ಕಥೆಯ ಹೊರಗೆ. 2019ರ ‘ಅನ್‌ಪ್ಲಾನ್ಡ್’ ಇನ್ನೂ ಒರಟು. ಗರ್ಭಪಾತದ ಚಿಕಿತ್ಸಾಲಯದ ಕೆಲಸವನ್ನು ಬಿಟ್ಟು ವಿರೋಧಿಗಳನ್ನು ಸೇರಿದ ಆ್ಯಬಿ ಜಾನ್ಸನ್ನಳ ನೆನಪುಗಳನ್ನು ಅದು ಆಧರಿಸಿದೆ. ಆ ನೆನಪುಗಳ ಮುಖ್ಯ ಘಟನೆ ವಿವಾದಗ್ರಸ್ತ. ರಕ್ತದ ದೃಶ್ಯಗಳಿಗಾಗಿ ಅದಕ್ಕೆ ‘ಆರ್’ ಶ್ರೇಣಿ ದೊರೆತಾಗ, ಪರವಾನಗಿಯಿಲ್ಲದೆ ಗರ್ಭಪಾತ ಮಾಡಿಸಿಕೊಳ್ಳಬಹುದಾದ ಹುಡುಗಿ ಈ ಚಿತ್ರವನ್ನು ಒಂಟಿಯಾಗಿ ನೋಡುವಂತಿಲ್ಲವೇ ಎಂದು ನಿರ್ಮಾಪಕರು ಕೇಳಿದರು. ಚತುರವಾದ ಪ್ರಶ್ನೆ. ಬೀಭತ್ಸವನ್ನು ಕರುಣವೆಂದು ತಿಳಿದ ದೋಷ ಅದರಿಂದ ಅಳಿಯುವುದಿಲ್ಲ.

ಈ ಜಗಳ ಅಮೆರಿಕಕ್ಕೆ ಮಾತ್ರ ಸೇರಿದ್ದೆಂದು ಕನ್ನಡಿಗರು ದೂರ ನಿಲ್ಲುವಂತಿಲ್ಲ. ಹೊರನಾಡಿಗೆ ಹೋದ ಕನ್ನಡದ ಹೆಣ್ಣುಮಗಳೊಬ್ಬಳು ಇಂಥ ಕಾನೂನಿನಡಿಯಲ್ಲಿ ಪ್ರಾಣ ತೆತ್ತ ನೆನಪು ಇನ್ನೂ ಹಸಿಯಾಗಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ತೀರಿಕೊಂಡರು. ಗರ್ಭ ಉಳಿಯದೆಂದು ಖಚಿತವಾಗಿದ್ದರೂ, ಭ್ರೂಣದ ಎದೆಬಡಿತವಿರುವವರೆಗೆ ಗರ್ಭಪಾತ ಸಾಧ್ಯವಿಲ್ಲವೆಂದು ನಿರಾಕರಿಸಲಾಗಿತ್ತು. ಅಷ್ಟರಲ್ಲಿ ನಂಜು ಏರಿತು. ಅಲ್ಲಿಯದು ಕ್ಯಾಥೊಲಿಕ್ ಸಂಪ್ರದಾಯ, ಶೇಫರರ ಪಂಥವಲ್ಲ. ಆದರೆ ಮರೆವು ಅದೇ. 2018ರ ಮೇ 25ರ ಜನಮತದ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾರ ಮುಖವನ್ನು ಬರೆದಿದ್ದರು. ಜನ ಬಂದು ಅದರ ಮೇಲೆ ಚೀಟಿಗಳನ್ನು ಅಂಟಿಸಿ ಹೋದರು. ಅದೂ ಪ್ರಚಾರಚಿತ್ರವೇ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕು. ಆದರೆ ಆ ಮುಖಕ್ಕೊಂದು ಹೆಸರಿತ್ತು, ಊರಿತ್ತು, ಕಣ್ಣಿತ್ತು.

ಫ್ರಾಂಕ್ ಶೇಫರ್ ತನ್ನ ಹಳೆಯ ಗೆಳೆಯರ ಗೆಲುವನ್ನು ಕಂಡದ್ದು ಹೊರಗೆ ನಿಂತು. 1990ರಲ್ಲಿ ಅವನು ಗ್ರೀಕ್ ಆರ್ಥೊಡಾಕ್ಸ್ ಸಭೆಯನ್ನು ಸೇರಿದ್ದನು. 2022ರ ಜೂನ್ 24ರಂದು ‘ರೋ’ ತೀರ್ಪು ರದ್ದಾಗುವ ವೇಳೆಗೆ ಆ ರಾಜಕಾರಣದ ಕಟುಟೀಕಾಕಾರನಾಗಿದ್ದನು. 2009ರ ಮೇ 31ರಂದು ಗರ್ಭಪಾತದ ವೈದ್ಯ ಜಾರ್ಜ್ ಟಿಲ್ಲರನನ್ನು ವಿಚಿಟಾ ನಗರದಲ್ಲಿ ಅವನ ಚರ್ಚಿನೊಳಗೇ ಗುಂಡಿಕ್ಕಿ ಕೊಂದಾಗ, ತಾನೂ ತನ್ನ ತಂದೆಯೂ ಬರೆದ ಬೆಂಕಿಯ ಮಾತುಗಳಿಗೆ ಆ ಕೊಲೆಯಲ್ಲಿ ಪಾಲಿದೆಯೆಂದು ಅವನು ಬಹಿರಂಗವಾಗಿ ಒಪ್ಪಿಕೊಂಡನು. ಇಂಥ ಒಪ್ಪಿಗೆ ಸಾರ್ವಜನಿಕ ಜೀವನದಲ್ಲಿ ಅಪೂರ್ವ. ಆದರೂ ‘ಕ್ರೇಜಿ ಫಾರ್ ಗಾಡ್’ ಆತ್ಮಕಥೆಯ ರಚನೆಯನ್ನು ಗಮನಿಸಿದರೆ, ಅದು ಹಳೆಯ ‘ಸಾಕ್ಷಿ’ಯೇ, ದಿಕ್ಕು ಮಾತ್ರ ತಿರುಗಿದೆ. ಹಿಂದೆ ಕುರುಡನಾಗಿದ್ದೆ, ಈಗ ಕಾಣುತ್ತೇನೆ ಎಂಬ ಅದೇ ಏರಿಳಿತ, ಅದೇ ಉತ್ಸಾಹ. ಮತವನ್ನು ಬಿಟ್ಟವನು ಅದರ ಧಾಟಿಯನ್ನು ಬಿಡಲಿಲ್ಲ. ಗ್ರಂಥದ ಹೆಚ್ಚಿನ ಸತ್ಯವಿರುವುದು ಅವನು ತೀರ್ಪು ಕೊಡದ ಎಡೆಗಳಲ್ಲಿ. ಗರ್ಭಪಾತವನ್ನು ನಿಷೇಧಿಸಬೇಕೆಂಬ ಹಟವನ್ನು ಬಿಟ್ಟರೂ ಅದರ ವಿಷಯದ ಅಳುಕನ್ನು ಅವನು ಬಿಟ್ಟಿಲ್ಲ. ಎರಡು ಪಕ್ಷಗಳಿಗೂ ಹಿಡಿಸದ ಆ ನಡುವಿನ ಮನಸ್ಸು ಪುಟಗಳಲ್ಲಿ ಹಾಗೆಯೇ ಉಳಿದಿದೆ.

ಅಲ್ಲಿಯೇ ಯುಎಮೊ ಹಳ್ಳಿಯ ಕಥೆ ಬರುತ್ತದೆ. 1970ರ ಸುಮಾರು, ಪಾದ್ರಿಯ ಮನೆ, ಇನ್ನೂ ಇಪ್ಪತ್ತು ತುಂಬದ ಇಬ್ಬರು, ಯಾರೂ ನಿರೀಕ್ಷಿಸದ ಬಸಿರು. ಹುಡುಗಿಯಿದ್ದಾಳೆ, ಹುಡುಗನಿದ್ದಾನೆ, ಹಿರಿಯರಿದ್ದಾರೆ, ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ. ನಾಟಕಕಾರನಿಗೆ ಬೇಕಾದುದೆಲ್ಲ ಅವನ ಮನೆಯಲ್ಲಿಯೇ ಇತ್ತು. ಐದು ಕಂತುಗಳ ಚಿತ್ರವನ್ನು ತೆಗೆಯುವಾಗ ಅವನು ಅದನ್ನು ಮುಟ್ಟಲಿಲ್ಲ. ಗೊಂಬೆಗಳನ್ನು ಕೊಂಡು ಮೃತ ಸಮುದ್ರಕ್ಕೆ ಹೋದನು.