ಗಂಜಿಯನ್ನೂ ಒಲ್ಲದ ಪಥ್ಯ

ಕರುಳಿನ ಉರಿಯೂತದ ರೋಗಿಗಳ ನಡುವೆ ಕೈಯಿಂದ ಕೈಗೆ ದಾಟಿದ ಪುಸ್ತಕಗಳಲ್ಲಿ ಎಲೇನ್ ಗಾಟ್‌ಶಾಲ್ ಅವರ ‘ಬ್ರೇಕಿಂಗ್ ದ ವಿಷಿಯಸ್ ಸೈಕಲ್’ ಮುಖ್ಯವಾದುದು. ಅದರ ಹಿಂದೆ ಒಬ್ಬ ತಾಯಿಯ ಹಟವಿದೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದಿಂದ ಬಳಲುತ್ತಿದ್ದ ಪುಟ್ಟ ಮಗಳಿಗೆ ಶಸ್ತ್ರಚಿಕಿತ್ಸೆಯೇ ಗತಿ ಎಂದಾಗ ಆಕೆ ನ್ಯೂಯಾರ್ಕಿನ ಹಿರಿಯ ಮಕ್ಕಳ ವೈದ್ಯ ಸಿಡ್ನಿ ಹಾಸ್ ಅವರ ಬಳಿಗೆ ಹೋದರು. ಅವರು ಹೇಳಿದ ಪಥ್ಯದಿಂದ ಮಗಳು ಚೇತರಿಸಿಕೊಂಡಳು. ಆಮೇಲೆ ನಡುವಯಸ್ಸಿನಲ್ಲಿ ಜೀವವಿಜ್ಞಾನ ಓದಿ, ತಾಯಿ ಈ ಪುಸ್ತಕ ಬರೆದರು.

ವಾದ ಸರಳ. ಜೀರ್ಣವಾಗದ ಪಿಷ್ಟ, ಸಕ್ಕರೆಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಬ್ಬಿಸುತ್ತವೆ, ಅವು ಕರುಳನ್ನು ಕೆಡಿಸುತ್ತವೆ, ಕೆಟ್ಟ ಕರುಳಿನಲ್ಲಿ ಜೀರ್ಣ ಇನ್ನೂ ಕುಗ್ಗುತ್ತದೆ. ಆದ್ದರಿಂದ ಅಕ್ಕಿ, ಗೋಧಿ, ರಾಗಿ, ಜೋಳ, ಆಲೂಗಡ್ಡೆ, ಸಕ್ಕರೆ, ಹಾಲು ಎಲ್ಲಕ್ಕೂ ನಿಷೇಧ. ಮಾಗಿದ ಬಾಳೆಹಣ್ಣು, ಜೇನು, ಮೊಟ್ಟೆ, ಮಾಂಸ, ಬಾದಾಮಿ ಹಿಟ್ಟು, 24 ಗಂಟೆ ಹೆಪ್ಪುಗಟ್ಟಿಸಿದ ಮೊಸರು ನಡೆಯುತ್ತವೆ.

ತೊಡಕು ಹಾಸ್ ಅವರಿಂದಲೇ ಶುರು. ಅವರು ಈ ಪಥ್ಯವನ್ನು ರೂಪಿಸಿದ್ದು ಸೀಲಿಯಾಕ್ ಎಂಬ ಇನ್ನೊಂದು ಕರುಳಿನ ಕಾಯಿಲೆಗೆ. 1924ರಲ್ಲೇ ಬಾಳೆಹಣ್ಣಿನ ಆಹಾರದಿಂದ ಮಕ್ಕಳು ಗುಣವಾದುದನ್ನು ಅವರು ವರದಿ ಮಾಡಿದ್ದರು. ಗುಣವಾದದ್ದು ನಿಜ. ಆದರೆ ಬಾಳೆಹಣ್ಣಿನ ಮಹಿಮೆಯಿಂದಲ್ಲ, ತಟ್ಟೆಯಲ್ಲಿ ಗೋಧಿ ಇಲ್ಲದ್ದರಿಂದ ಎಂಬುದು ಡಚ್ ವೈದ್ಯ ವಿಲ್ಲೆಮ್ ಡಿಕೆ ಅವರ ಕೆಲಸದಿಂದ ಮುಂದೆ ಸ್ಪಷ್ಟವಾಯಿತು. ಫಲ ಸರಿಯಿತ್ತು, ಕಾರಣ ತಪ್ಪಿತ್ತು. ಗಾಟ್‌ಶಾಲ್ ಆ ತಪ್ಪು ಕಾರಣವನ್ನೇ ಬೇರೊಂದು ಕಾಯಿಲೆಗೆ ವಿಸ್ತರಿಸಿದರು.

ಕರುಳಿನ ಉರಿಯೂತದ ಇನ್ನೊಂದು ರೂಪವಾದ ಕ್ರೋನ್ಸ್ ಕಾಯಿಲೆ ಇರುವ ಮಕ್ಕಳಲ್ಲಿ ನಿಜವಾಗಿ ಸಾಬೀತಾದ ಆಹಾರ ಚಿಕಿತ್ಸೆಯೊಂದಿದೆ: ಕೆಲವು ವಾರ ಬೇರೆ ಊಟವನ್ನೆಲ್ಲ ನಿಲ್ಲಿಸಿ ಪೋಷಕ ದ್ರವವನ್ನಷ್ಟೇ ಕೊಡುವುದು. ಅದರಿಂದ ಉರಿಯೂತ ಇಳಿಯುತ್ತದೆ. ಆ ದ್ರವಗಳಲ್ಲಿ ಅನೇಕವುಗಳಲ್ಲಿ ಸಕ್ಕರೆಯೂ ಪಿಷ್ಟದಿಂದ ತಯಾರಿಸಿದ ಮಾಲ್ಟೊಡೆಕ್ಸ್‌ಟ್ರಿನ್ನೂ ಇರುತ್ತವೆ. ಪುಸ್ತಕದ ಪ್ರಕಾರ ಎರಡೂ ವಿಷ! ಇದೊಂದೇ ಸಂಗತಿ ಅದರ ಸಿದ್ಧಾಂತವನ್ನು ಅಲುಗಾಡಿಸಲು ಸಾಕು.

ನಮ್ಮ ಅಡುಗೆಮನೆಗೆ ಬಂದರೆ ಇನ್ನೂ ಪೇಚು. ಪಿಷ್ಟಗಳಲ್ಲಿ ಅಕ್ಕಿಯದು ಸಣ್ಣ ಕರುಳಿನಲ್ಲೇ ಬಹುತೇಕ ಪೂರ್ತಿ ಹೀರಿಕೆಯಾಗುವಂಥದ್ದು. ಹೊಟ್ಟೆ ಕೆಟ್ಟವರಿಗೆ ಅಜ್ಜಿಯರು ಗಂಜಿ ಕಾಯಿಸಿ ಕೊಟ್ಟದ್ದು ಸುಮ್ಮನಲ್ಲ. ಅದನ್ನೂ ಗೋಧಿಯ ಸಾಲಿಗೇ ತಳ್ಳಿ, ತೂಕ ಕಳೆದುಕೊಂಡು ರಕ್ತಹೀನತೆಯಿಂದ ಸೊರಗಿದವರ ಬಾಯಿಂದ ಅನ್ನವನ್ನೂ ಮುದ್ದೆಯನ್ನೂ ಕಸಿದರೆ, ಆ ಜಾಗವನ್ನು ಬಾದಾಮಿ ಹಿಟ್ಟಿನಿಂದ ತುಂಬಲು ಎಷ್ಟು ಮನೆಗಳಿಗೆ ಸಾಧ್ಯ?

ನನಗೆ ಸಿದ್ಧಾಂತಕ್ಕಿಂತ ಹೆಚ್ಚು ಒಪ್ಪದಿರುವುದು ಪುಸ್ತಕದ ದನಿ. ಒಂದು ತುತ್ತೂ ತಪ್ಪಬಾರದು ಎನ್ನುತ್ತದೆ. ಹಾಗಾಗಿ ಗುಣವಾದರೆ ಕೀರ್ತಿ ಪಥ್ಯಕ್ಕೆ, ಆಗದಿದ್ದರೆ ತಪ್ಪು ರೋಗಿಯದು: ಎಲ್ಲೋ ಮದುವೆಮನೆಯಲ್ಲಿ ಒಂದು ಚಮಚ ಪಾಯಸ ತಿಂದಿರಬೇಕು! ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಅದರ ಏರಿಳಿತಕ್ಕೆಲ್ಲ ರೋಗಿಯ ನಾಲಿಗೆಯನ್ನು ಹೊಣೆ ಮಾಡುವುದು ಕ್ರೌರ್ಯ.

2021ರಲ್ಲಿ ಪ್ರಕಟವಾದ ಅಮೆರಿಕದ ಡೈನ್-ಸಿಡಿ ಅಧ್ಯಯನ ಈ ಪಥ್ಯವನ್ನು ಮೆಡಿಟರೇನಿಯನ್ ಆಹಾರದ ಎದುರು ನಿಲ್ಲಿಸಿತು. ಕ್ರೋನ್ಸ್ ಇದ್ದ 194 ಮಂದಿ. ಆರು ವಾರಗಳಲ್ಲಿ ಲಕ್ಷಣಗಳು ಶಮನವಾದದ್ದು ಪಥ್ಯದವರಲ್ಲಿ ಶೇ. 46.5, ಇನ್ನೊಂದು ಗುಂಪಿನಲ್ಲಿ ಶೇ. 43.5. ವ್ಯತ್ಯಾಸವಿಲ್ಲ ಎಂದೇ ಅರ್ಥ. ಮೆಡಿಟರೇನಿಯನ್ ಆಹಾರದಲ್ಲಿ ಧಾನ್ಯ ತಿಂದವರೂ ಅಷ್ಟೇ ಸುಧಾರಿಸಿದರು. ಎಂದಿನ ಊಟದಲ್ಲೇ ಉಳಿದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ ಎರಡರ ಯಶಸ್ಸನ್ನೂ ಹಿಗ್ಗಿಸಿ ಹೇಳುವಂತಿಲ್ಲ.

ಹಾಗೆಂದು ಪುಸ್ತಕವನ್ನು ಎಸೆಯಬೇಕಿಲ್ಲ. ಊಟದ ಪ್ರಶ್ನೆಗೆ ‘ಖಾರ ಕಡಿಮೆ ಮಾಡಿ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುವ ವೈದ್ಯರಿಗಿಂತ ಗಾಟ್‌ಶಾಲ್ ರೋಗಿಯ ಹಸಿವನ್ನು ಗಂಭೀರವಾಗಿ ತೆಗೆದುಕೊಂಡರು. ತರಕಾರಿಯ ಸಿಪ್ಪೆ, ಬೀಜ ತೆಗೆದು ಮೆತ್ತಗೆ ಬೇಯಿಸಿ, ಹೊಸದನ್ನು ಒಂದೊಂದಾಗಿ ಸೇರಿಸುವ ಕ್ರಮ ಒಳ್ಳೆಯದು. ಕರುಳು ಕಿರಿದಾದವರಿಗಂತೂ ನಾರಿನ ವಿಚಾರದಲ್ಲಿ ಈ ಎಚ್ಚರ ಬೇಕೇ ಬೇಕು. ಔಷಧಿಯ ಜೊತೆಗೆ, ಆಹಾರತಜ್ಞರ ಕಣ್ಗಾವಲಿನಲ್ಲಿ, ಆ ಪುಟಗಳನ್ನು ಧಾರಾಳವಾಗಿ ಬಳಸಬಹುದು, ಪಕ್ಕದಲ್ಲಿ ಒಂದು ಬಟ್ಟಲು ಗಂಜಿ ಇಟ್ಟುಕೊಂಡೇ.