ಬ್ಲ್ಯಾಕ್‌ಬೆರಿಯ ಗುಂಡಿಯಿಂದ ಕನ್ನಡಕ್ಕೇನು ಸಿಕ್ಕಿತ್ತು?

ಮೊಬೈಲಿಗೆ ಒತ್ತುವ ಗುಂಡಿಗಳೇ ಚೆನ್ನಿದ್ದವು ಎನ್ನುವವರು ಈಗಲೂ ಇದ್ದಾರೆ. ಮಾತು ಶುರುವಾದ ಎರಡನೇ ನಿಮಿಷಕ್ಕೆ ಅವರ ಬಾಯಲ್ಲಿ ಬ್ಲ್ಯಾಕ್‌ಬೆರಿ ಬರುತ್ತದೆ. 2008ರ ಬೋಲ್ಡ್ 9000 ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಕಾರಣವೂ ಗೊತ್ತು. ಪುಟ್ಟ ಪುಟ್ಟ ಗುಂಡಿಗಳು, ಒಂದೊಂದರ ಮೈಮೇಲೂ ಓರೆಯಾದ ಸಣ್ಣ ಏಣು. ಹೆಬ್ಬೆರಳು ಆ ಏಣನ್ನು ಸವರಿಯೇ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳುತ್ತಿತ್ತು. ಮೀಟಿಂಗಿನಲ್ಲಿ ಸಾಹೇಬರ ಮುಖ ನೋಡುತ್ತಾ ತಲೆಯಾಡಿಸುತ್ತಲೇ ಮೇಜಿನ ಕೆಳಗೆ ಇನ್ನೊಬ್ಬರ ಮೇಲ್‌ಗೆ ಉತ್ತರ ಬರೆದು ಮುಗಿಸಬಹುದಿತ್ತು. ಅಷ್ಟು ದುಡ್ಡಿಲ್ಲದವರ ನೋಕಿಯಾದಲ್ಲಿ ಐದರ ಗುಂಡಿಯ ಮೇಲೊಂದು ಉಬ್ಬು ಇರುತ್ತಿತ್ತು. ಅದೊಂದು ಸಿಕ್ಕರೆ ಸಾಕು, ಉಳಿದದ್ದನ್ನು ಬೆರಳು ತಾನೇ ಹುಡುಕಿಕೊಳ್ಳುತ್ತಿತ್ತು.

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನ್ ತೋರಿಸುವಾಗ ಈ ಗುಂಡಿಗಳನ್ನೇ ಗೇಲಿ ಮಾಡಿದರು. ಬೇಕಿರಲಿ ಬೇಡದಿರಲಿ ಅವು ಅಲ್ಲೇ ಕೂತಿರುತ್ತವೆ, ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ಮೇಲೆ ಬದಲಾಯಿಸಲಾಗದು ಎಂಬುದು ಅವರ ವಾದ. ಅದು ಮಾರಾಟದ ಮಾತು, ನಿಜ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಗುಂಡಿ ಹೋದದ್ದರಿಂದ ಆದ ಲಾಭ ಮುಖ್ಯವಾಗಿ ದೊಡ್ಡ ಪರದೆ, ಅಷ್ಟೆ. ಆದರೆ ಆ ವಾದ ಅವರ ಲೆಕ್ಕದಲ್ಲೇ ಇರದಿದ್ದ ಕನ್ನಡದಂಥ ಲಿಪಿಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಸರಿಯಾಗಿ ತೂಗಿ ನೋಡಿಲ್ಲ.

ಗುಂಡಿಯ ಕಾಲದಲ್ಲಿ ಮೊಬೈಲಿನ ಕನ್ನಡ ಹೇಗಿತ್ತೆಂದು ನೆನಪಿಸಿಕೊಳ್ಳಿ. ಹನ್ನೆರಡು ಗುಂಡಿ, ನಲವತ್ತೊಂಬತ್ತು ಅಕ್ಷರ, ಅದರ ಮೇಲೆ ಗುಣಿತ, ಒತ್ತು. ಒಂದು ಅಕ್ಷರ ಮೂಡಬೇಕಾದರೆ ಅದೇ ಗುಂಡಿಯನ್ನು ಮತ್ತೆ ಮತ್ತೆ ಕುಟ್ಟಬೇಕಿತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಜಾಗ ಇದ್ದರೆ ಯುನಿಕೋಡ್ ಕನ್ನಡಕ್ಕೆ 70 ಮಾತ್ರ. ‘ಸಾಮರ್ಥ್ಯ’ ಎಂಬ ಒಂದೇ ಪದ ಅದರಲ್ಲಿ ಎಂಟನ್ನು ನುಂಗುತ್ತಿತ್ತು. ಇಷ್ಟೆಲ್ಲ ಮಾಡಿ ಕಳಿಸಿದರೆ ಆ ಕಡೆಯ ಫೋನಿನಲ್ಲಿ ಕನ್ನಡದ ಫಾಂಟ್ ಇಲ್ಲದೆ ಖಾಲಿ ಡಬ್ಬಗಳ ಸಾಲು ಕಾಣುತ್ತಿತ್ತು. ಜನ ಇಂಗ್ಲಿಷ್ ಅಕ್ಷರದಲ್ಲೇ ಊಟ ಆಯ್ತಾ ಎಂದು ಕೇಳಿ ಕೈ ತೊಳೆದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಗುಂಡಿಯ ಸುಖ ಎಂದು ನಾವು ನೆನೆಯುವುದು ಇಂಗ್ಲಿಷ್ ಬರೆದ ಸುಖವನ್ನೇ.

ಕನ್ನಡಕ್ಕೆ ಗುಂಡಿ ಒಗ್ಗುವುದೇ ಇಲ್ಲ ಎಂದು ಇದರರ್ಥವಲ್ಲ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಳಸುವವರನ್ನು ನೋಡಿ. ಅದೇ ‘ಸಾಮರ್ಥ್ಯ’ವನ್ನು ಅವರು ಎಂಟು ಬಡಿತದಲ್ಲಿ ಮುಗಿಸುತ್ತಾರೆ: ಸ, ಆ-ಕಾರದ ಚಿಹ್ನೆ, ಮ, ರ, ಎಫ್ ಕೀಲಿಯಲ್ಲಿರುವ ಹಲಂತ, ಥ, ಮತ್ತೆ ಹಲಂತ, ಯ. ಅರ್ಕಾವತ್ತು ಬರಹದಲ್ಲಿ ಥ್ಯದ ಆಚೆ ಕೂತರೂ ಬೆರಳು ಉಚ್ಚಾರದ ಕ್ರಮದಲ್ಲೇ ಓಡುತ್ತದೆ, ಅದನ್ನು ಎಲ್ಲಿಗೆ ಸಾಗಿಸಬೇಕೆಂಬ ಚಿಂತೆ ಯಂತ್ರದ್ದು. ಪತ್ರಿಕಾ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕೀಲಿಮಣೆಯತ್ತ ಕಣ್ಣೂ ಹಾಯಿಸದೆ ಪುಟಗಟ್ಟಲೆ ಬಡಿಯುವವರಿದ್ದಾರೆ. ಮಜಾ ಎಂದರೆ ಈ ವಿನ್ಯಾಸಕ್ಕೆ ಬೇಕಾದದ್ದು ಇಂಗ್ಲಿಷಿನ ಇಪ್ಪತ್ತಾರು ಕೀಲಿ ಮತ್ತು ಒಂದು ಶಿಫ್ಟ್ ಮಾತ್ರ. ಅಷ್ಟು ಬ್ಲ್ಯಾಕ್‌ಬೆರಿಯಲ್ಲೂ ಇತ್ತು. ಗುಂಡಿಯ ಫೋನಿನಲ್ಲಿ ಕನ್ನಡ ಸೊರಗಿದ್ದಕ್ಕೆ ಗುಂಡಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಫೋನು ಮಾಡುವವರಿಗೆ ನಾವು ಕಾಣಿಸಲಿಲ್ಲ.

ಗುಂಡಿಯ ಬದಲು ಗಾಜಿನ ಸ್ಪರ್ಶಪರದೆ ಬಂದ ಮೇಲೂ ತಕ್ಷಣ ಕಾಣಿಸಿದೆವು ಎನ್ನಲಾಗದು. ಆಂಡ್ರಾಯ್ಡ್‌ನಲ್ಲಿ ಒತ್ತಕ್ಷರ ಒಡೆಯದೆ ಕನ್ನಡ ಓದಲು ಸಾಧ್ಯವಾದದ್ದು 2012ರ 4.1ನೇ ಆವೃತ್ತಿಯಿಂದ. ಅಲ್ಲಿಂದ ಮುಂದೆ ಬಂದ ಕೀಲಿಮಣೆಗಳಲ್ಲಿ ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ್ದು ಐಐಟಿ ಬಾಂಬೆಯವರ ‘ಸ್ವರಚಕ್ರ’. ಅಲ್ಲಿ ವ್ಯಂಜನಗಳು ವರ್ಣಮಾಲೆಯ ಕ್ರಮದಲ್ಲೇ ಕೂತಿವೆ. ‘ಮ’ದ ಮೇಲೆ ಬೆರಳಿಟ್ಟ ಕೂಡಲೇ ಅದರ ಸುತ್ತ ಮಾ, ಮಿ, ಮೀ, ಮು ಎಂದು ಚಕ್ರ ಬಿಚ್ಚಿಕೊಳ್ಳುತ್ತದೆ. ಬೇಕಾದ ಕಡೆಗೆ ಬೆರಳು ಜಾರಿಸಿದರೆ ಅಕ್ಷರ ಮೂಡುತ್ತದೆ. ಹಲಂತದ ಕಡೆ ಜಾರಿಸಿದರೆ ಮಣೆಯ ವ್ಯಂಜನಗಳೆಲ್ಲ ಒತ್ತಕ್ಷರದ ವೇಷದಲ್ಲಿ ಬಂದು ನಿಲ್ಲುತ್ತವೆ. ಪ್ಲಾಸ್ಟಿಕ್ ಗುಂಡಿಗೆ ಇದು ಏಳು ಜನ್ಮಕ್ಕೂ ಆಗದ ಕೆಲಸ. ಶಾಲೆಯಲ್ಲಿ ಕನ್ನಡ ಕಲಿತು ಇಂಗ್ಲಿಷ್ ಕೀಲಿಮಣೆಯನ್ನೇ ಮುಟ್ಟದವರೂ ಇದರಲ್ಲಿ ಬರೆಯಬಲ್ಲರು. ವೇಗ ಮಾತ್ರ ಸಾಲದು: ಒಂದೊಂದು ಗುಣಿತಕ್ಕೂ ಒತ್ತಿ, ಜಾರಿಸಿ ಎನ್ನುವುದು ಉದ್ದದ ಬರವಣಿಗೆಯಲ್ಲಿ ಸುಸ್ತು ಹಿಡಿಸುತ್ತದೆ. ಹಾಗಿದ್ದೂ ಗಾಜನ್ನು ಗಾಜು ಎಂದೇ ತಿಳಿದು ಯೋಚಿಸಿದ ಕೆಲಸ ಅದು. ಉಳಿದ ಹಲವು ಮಣೆಗಳು ಕಂಪ್ಯೂಟರಿನ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವನ್ನು ಹಾಗೇ ಕುಗ್ಗಿಸಿ ಅಂಟಿಸಿವೆ. ಒಂದು ಸಾಲಿನಲ್ಲಿ ಹತ್ತಕ್ಕಿಂತ ಹೆಚ್ಚು ಚೌಕ, ಹೆಬ್ಬೆರಳು ಒಂದನ್ನು ಮುಟ್ಟಿದರೆ ಪಕ್ಕದ್ದೂ ಮುಚ್ಚಿಹೋಗುತ್ತದೆ.

ಆದ್ದರಿಂದಲೇ ಹೆಚ್ಚಿನವರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ದಾರಿ ಹಿಡಿದಿದ್ದಾರೆ. ನನ್ನ ತಕರಾರು ಇಲ್ಲಿಯೇ. ಈ ದಾರಿ ನಿಂತಿರುವುದು ಊಹೆಯ ಮೇಲೆ. ಮೇಲಿನ ಪಟ್ಟಿಯಲ್ಲಿ ಬಂದ ಮೂರು ಪದಗಳಲ್ಲಿ ನಿಮ್ಮದು ಯಾವುದೆಂದು ಆರಿಸಬೇಕು. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯ ಮತ್ತಿತರರು 2019ರಲ್ಲಿ 37,000 ಜನರ ಮೊಬೈಲ್ ಟೈಪಿಂಗ್ ಅಳೆದರು. ಸರಾಸರಿ ವೇಗ ನಿಮಿಷಕ್ಕೆ 36 ಪದ. ಕಂಪ್ಯೂಟರ್ ಕೀಲಿಮಣೆಯ ಮೇಲೆ ನಡೆದ ಹಿಂದಿನ ಅಧ್ಯಯನದಲ್ಲಿ ಇದು 52 ಇತ್ತು. ಅಂತರ ಜನ ಅಂದುಕೊಂಡಷ್ಟಿಲ್ಲ. ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಸಂಗತಿಯೂ ಅದರಲ್ಲಿದೆ: ತಪ್ಪನ್ನು ತಾನೇ ತಿದ್ದುವ ಸೌಲಭ್ಯ ಇಟ್ಟುಕೊಂಡವರು ಚುರುಕಾಗಿದ್ದರು, ಸೂಚಿಸಿದ ಪದಗಳನ್ನು ಆರಿಸುತ್ತಾ ಕೂತವರು ನಿಧಾನ. ಅದು ಇಂಗ್ಲಿಷಿನ ಮಾತು. ಕನ್ನಡದಲ್ಲಿ ಈ ಆರಿಸುವ ಕೆಲಸ ಐಚ್ಛಿಕವಲ್ಲ, ಅದೇ ಬರವಣಿಗೆಯಾಗಿಬಿಟ್ಟಿದೆ. ‘ಮಾಡ್ಕೊಂಡಿದ್ನಂತಲ್ಲ’ ಎಂಬುದನ್ನು ಯಾವ ಪದಪಟ್ಟಿ ತಾನೇ ಮೊದಲೇ ಊಹಿಸಿಟ್ಟುಕೊಂಡಿದ್ದೀತು? ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವುದೇ ನಮ್ಮ ಭಾಷೆಯ ಜಾಯಮಾನ. ಧಾರವಾಡದವರು ‘ಹೊಂಟೇನಿ’ ಎಂದು ಬರೆಯಹೊರಟರಂತೂ ಆ ಪಟ್ಟಿಯ ಜೊತೆ ಕುಸ್ತಿಯೇ ಸರಿ. ಬೇಸತ್ತು ‘ಹೊರಟಿದ್ದೇನೆ’ ಎಂಬುದನ್ನೇ ಒತ್ತಿ ಸುಮ್ಮನಾಗುತ್ತಾರೆ.

ತಿದ್ದುವಾಗ ಗಾಜಿನ ಬಡತನ ಇನ್ನಷ್ಟು ಬಯಲಾಗುತ್ತದೆ. ‘ಥ್ಯ’ದ ಒಳಗಿನ ಥ ಬದಲಿಸಬೇಕೆಂದರೆ ಕರ್ಸರ್ ಅಕ್ಷರದ ಹೊಟ್ಟೆಯೊಳಗೆ ಇಳಿಯುವುದಿಲ್ಲ. ಹಿಂದಿನಿಂದ ಯ, ಹಲಂತ ಎಂದು ಒಂದೊಂದಾಗಿ ಅಳಿಸಿಕೊಂಡು ಬರಬೇಕು. ಕಂಪ್ಯೂಟರಿನಲ್ಲೂ ಹೀಗೇ, ಆದರೆ ಅಲ್ಲಿ ಬಾಣದ ಗುಂಡಿ ನಿಮ್ಮನ್ನು ಆ ಪದದ ಹತ್ತಿರಕ್ಕಾದರೂ ನೇರ ಒಯ್ಯುತ್ತದೆ. ಫೋನಿನಲ್ಲಿ ಒತ್ತಕ್ಷರ ಬೆರಳ ತುದಿಯ ಅಡಿಯಲ್ಲೇ ಅಡಗಿರುತ್ತದೆ.

2024ರಲ್ಲಿ ಐಫೋನಿಗೆ ಸಿಕ್ಕಿಸುವ ‘ಕ್ಲಿಕ್ಸ್’ ಎಂಬ ಗುಂಡಿಮಣೆ ಬಂದಾಗ ಹಳೆಯ ಬ್ಲ್ಯಾಕ್‌ಬೆರಿ ಭಕ್ತರು ಹಿಗ್ಗಿದರು. ಪರದೆಯನ್ನು ಪೂರ್ತಿ ಬಿಟ್ಟುಕೊಡುವುದೊಂದು ಅದರ ಒಳ್ಳೆಯ ಗುಣ. ಫೋನು ಕೋಲಿನಷ್ಟು ಉದ್ದವಾಗುವುದು ಅದಕ್ಕೆ ತೆರಬೇಕಾದ ಬೆಲೆ. ಇಂಗ್ಲಿಷ್ ಮೇಲ್‌ಗಳಲ್ಲೇ ದಿನ ದೂಡುವವರು ಕೊಳ್ಳಲಿ. ಕನ್ನಡದಲ್ಲಿ ಬರೆಯುವ ನನಗೆ ಗಾಜೇ ಇರಲಿ. ಅದರ ಮೇಲೆ ಕೆ.ಪಿ. ರಾವ್ ವಿನ್ಯಾಸ ಕೊಡುವ ಸ್ವತಂತ್ರ ಆ್ಯಪ್‌ಗಳಿವೆ, ಊಹೆಯ ಪಟ್ಟಿಯನ್ನು ನಿಲ್ಲಿಸಿಡಲು ಸೆಟ್ಟಿಂಗ್ಸಿನಲ್ಲಿ ಜಾಗವೂ ಇದೆ. ಮೊದಮೊದಲು ನಿಧಾನವಾಗುತ್ತದೆ, ಆದರೆ ‘ಹೊಂಟೇನಿ’ ಎಂದು ಒತ್ತಿದರೆ ‘ಹೊಂಟೇನಿ’ಯೇ ಬರುತ್ತದೆ.