ನಿಂತ ಚುಕ್ಕಿಗೊಂದು ಮಿಡಿತ

ಆಲ್ಪ್ಸ್ ಮೇಲೆ ಹಾರುವ ಗ್ಲೈಡರುಗಳು ಬಿಳಿಯಾಗಿರುವುದು ಅಂದಕ್ಕಲ್ಲ, ಫೈಬರ್ ಮೈ ಬಿಸಿಲಿಗೆ ಕಾದು ಮೆತ್ತಗಾಗಬಾರದೆಂದು. ಹಿಮ, ಮೋಡಗಳ ಎದುರು ಆ ಬಿಳುಪೇ ಅವನ್ನು ಅಡಗಿಸುತ್ತದೆ. ಡಿಕ್ಕಿಯ ಹಾದಿಯಲ್ಲಿ ನೇರವಾಗಿ ಬರುವ ಗ್ಲೈಡರಂತೂ ಪೈಲಟ್‌ನ ನೋಟದಲ್ಲಿ ಅತ್ತಿತ್ತ ಜರುಗುವುದೇ ಇಲ್ಲ. ತೆಳ್ಳನೆಯ ಗೆರೆಯಂತೆ ನಿಂತಿದ್ದು, ಕೊನೆಯ ಕೆಲವೇ ಕ್ಷಣಗಳಲ್ಲಿ ಧುತ್ತೆಂದು ದೊಡ್ಡದಾಗುತ್ತದೆ. ಚಲನೆಯನ್ನೇ ಅರಸುವ ಕಣ್ಣಿಗೆ ಅದು ಕಾಣುವುದಾದರೂ ಹೇಗೆ? ಮುಂಭಾಗದಲ್ಲಿ ಕೂರಿಸಿದ, ಮಿಂಚಿ ಮಿಂಚಿ ಆರುವ ಸ್ಟ್ರೋಬ್ ದೀಪ ನನಗೆ ಮೆಚ್ಚುಗೆಯಾಗುವುದು ಇಲ್ಲಿಯೇ: ನಿಂತ ಚುಕ್ಕಿಗೆ ಅದು ಮಿಡಿತ ಕೊಡುತ್ತದೆ. ಸುಡುಬಿಸಿಲಲ್ಲಿ ಮಂಕಾಗುವುದು ನಿಜ. ನೆರಳು ಕವಿದ ಇಳಿಜಾರಿನಲ್ಲಿ, ಮೋಡದಡಿಯಲ್ಲಿ ಎದ್ದು ಕಾಣುತ್ತದೆ. ಎಂಜಿನ್ ಇಲ್ಲದ ಹಾರಾಟಕ್ಕೆ ಬ್ಯಾಟರಿಯ ಚಿಂತೆ ದೊಡ್ಡದಿತ್ತು, ಎಲ್‌ಇಡಿ ಅದನ್ನು ಬಹುಮಟ್ಟಿಗೆ ಇಳಿಸಿತು. 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ಫ್ಲಾರ್ಮ್ ಎಂಬ ಡಿಕ್ಕಿ ಎಚ್ಚರಿಕೆ ಸಾಧನ ಸಾಲದೇ ಎನ್ನುವವರಿದ್ದಾರೆ. ಅದರ ಸಂಕೇತ ಹಿಡಿಯಲು ಎದುರಿನವರ ಬಳಿಯೂ ತಕ್ಕ ಉಪಕರಣ ಬೇಕು; ದೀಪಕ್ಕೆ ಕಣ್ಣಷ್ಟೇ ಸಾಕು.